ಹುಳದ ಮನೆಯಲ್ಲಿ ಓದಿದ ಪುಸ್ತಕಗಳು

ತಗಡಿನ ಮೇಲೆ ಸಣ್ಣ ಹನಿಯ ಮಳೆ ಶುರುವಾದರೆ ನನಗೆ ಇವತ್ತಿಗೂ ಒಂದು ಕಡೆ ಕೂರಲು ಆಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯವರು ಕಾರು ನಿಲ್ಲಿಸಲು ತಗಡಿನ ಚಪ್ಪರ ಹಾಕಿಸಿದ್ದಾರೆ. ಮಧ್ಯಾಹ್ನ ಊಟ ಮುಗಿಸಿ ಪುಸ್ತಕ ಹಿಡಿದು ಕೂತಿರುತ್ತೇನೆ, ಅಷ್ಟರಲ್ಲಿ ಆ ತಗಡಿನ ಮೇಲೆ ಚರಚರ ಸದ್ದು ಏಳುತ್ತದೆ, ಪುಸ್ತಕ ಮಗುಚಿ ಇಟ್ಟು ಎದ್ದುಬಿಡುತ್ತೇನೆ. ಒಣಹಾಕಿದ ಬಟ್ಟೆ ತೆಗೆಯಲು ಎದ್ದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಬಟ್ಟೆಯೂ ಇಲ್ಲ, ಏನೂ ಇಲ್ಲ. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಅಂತ ಕಾಲು ತಾನಾಗಿಯೇ ಏಳುತ್ತದೆ. ರೇಷ್ಮೆಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳ ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿತೆಂದರೆ ಮನೆ ತುಂಬ ಇದೇ ಸದ್ದು, ತಗಡಿನ ಮೇಲೆ ಹನಿ ಬಿದ್ದ ಸದ್ದು. ನೀವು ಅಂಥ ಮನೆಯಲ್ಲಿ ಬೆಳೆದವರಾದರೆ ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ. ನನಗಂತೂ ಆ ಸದ್ದಿನ ನಡುವೆ ಒಬ್ಬ ಹೆಂಗಸಿನ ಓದುವ ದನಿಯೂ ಕೇಳುತ್ತದೆ. ಅವಳು ನನ್ನ ಅಪ್ಪನ ತಂಗಿ, ಭಾಗ್ಯತ್ತೆ.

ಅಕ್ಕಿಹೆಬ್ಬಾಳಿನಲ್ಲಿ ನಮ್ಮ ಮನೆ ಹೇಮಾವತಿ ಹೊಳೆಗೆ ಹತ್ತಿರವಿತ್ತು. ಮನೆಯ ಬೆನ್ನಿಗೇ ಉದ್ದನೆಯ ಹುಳದ ಮನೆ. ಸಗಣಿ ಸಾರಿಸಿದ ನೆಲ, ಕೊಯ್ದು ತಂದ ಸೊಪ್ಪಿನ ಹಸಿ ವಾಸನೆ, ಸುಣ್ಣದ ಪುಡಿಯ ಘಾಟು, ಅದರ ಮೇಲೆ ಹುಳದ್ದೇ ಒಂದು ಬೆಚ್ಚನೆಯ ಮೈವಾಸನೆ. ಬಿದಿರ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಅಟ್ಟಣೆ, ಇರುವೆ ಹತ್ತದ ಹಾಗೆ ಅದರ ಕಾಲಿಗೆಲ್ಲ ನೀರಿನ ಬಟ್ಟಲು. ಆ ಮನೆಗೆ ಅದರದೇ ಕಟ್ಟುಪಾಡು. ಹೊರಗಿನವರು ಹೊಸ್ತಿಲು ದಾಟುವ ಹಾಗಿಲ್ಲ. ಹುಳ ದೊಡ್ಡದಾಗಿರುವಾಗ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಹೊಗೆ ತಾಕಿದರೆ ಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ. ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡು ಬಂದರೆ ನನ್ನ ಅವ್ವನಿಗೂ ಪ್ರವೇಶವಿಲ್ಲ. ಇದೆಲ್ಲ ಸುತ್ತಮುತ್ತಲ ಮನೆಗಳಲ್ಲೂ ಇದ್ದದ್ದೇ. ಇದರ ಜೊತೆಗೆ ನಮ್ಮ ತಾತ ತಾನೇ ಒಂದು ಸೇರಿಸಿದ್ದ: ಹುಳದ ಮುಂದೆ ಯಾರೂ ದನಿ ಎತ್ತಬಾರದು. ಜಗಳದ ಮಾತು ಕಿವಿಗೆ ಬಿದ್ದರೆ ಹುಳ ಗೂಡು ಕಟ್ಟುವಾಗ ಮುಖ ತಿರುಗಿಸುತ್ತದೆ ಅನ್ನುವುದು ಅವನ ನಂಬಿಕೆ. ಹುಳಕ್ಕೆ ಕಿವಿ ಎಲ್ಲಿದೆ ಅಂತ ನಾನು ಕೇಳಿದ್ದಕ್ಕೆ, "ನಿಂಗೆ ಕಾಣಲ್ಲ ಅಂದ್ರೆ ಇಲ್ಲ ಅಂತನಾ ಕೂಸು?" ಅಂದಿದ್ದ.

ಸೊಪ್ಪು ಬಿಡಿಸುವ, ಕತ್ತರಿಸುವ, ತಟ್ಟೆ ಬದಲಿಸುವ ಕೆಲಸಕ್ಕೆ ಕೈ ಬೇಕು, ಬಾಯಿ ಬೇಡ. ಕಿವಿಯೂ ಸುಮ್ಮನೇ ಇರುತ್ತದೆ. ಅದಕ್ಕೇ ಭಾಗ್ಯತ್ತೆ ಓದುತ್ತಿದ್ದಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು ಅವಳೊಬ್ಬಳೇ. ಪುಸ್ತಕ ತರುತ್ತಿದ್ದದ್ದು ರಹಮತ್ ಸಾಬರು. ಅವರು ಊರೂರಿನ ರೇಷ್ಮೆಗೂಡನ್ನು ತಮ್ಮ ಟೆಂಪೋದಲ್ಲಿ ಮಾರುಕಟ್ಟೆಗೆ ಸಾಗಿಸುವವರು, ಮನೆ ಕೆ.ಆರ್. ಪೇಟೆಯಲ್ಲಿ. ಬರುವಾಗ ಶ್ರೀರಂಗಪಟ್ಟಣದ ರದ್ದಿ ಅಂಗಡಿಯೊಂದರಿಂದ ಕೈಗೆ ಸಿಕ್ಕ ಪುಸ್ತಕ ಎತ್ತಿಕೊಂಡು ಬರುತ್ತಿದ್ದರು. ಸಾಬರಿಗೆ ಕನ್ನಡ ಓದಲು ಬಾರದು, ಆದ್ದರಿಂದ ಆರಿಸುವ ಗೋಜಿಲ್ಲ. ಒಂದು ಸಲ ಕಣ್ಣೀರಿನ ಕಾದಂಬರಿ ಬಂದರೆ ಅದರ ಜೊತೆಗೆ ದನಗಳ ಕಾಯಿಲೆಯ ಪುಸ್ತಕ, ಅದರ ಹಿಂದೆಯೇ ನಿವೃತ್ತ ನ್ಯಾಯಾಧೀಶರೊಬ್ಬರ ಆತ್ಮಕಥೆ, ನಕ್ಷತ್ರಗಳ ಬಗೆಗಿನ ಪುಸ್ತಕ, ಪತ್ತೇದಾರಿ, ಹೊಲಿಗೆ ಕಲಿಯುವ ಕೈಪಿಡಿ. ಎಲ್ಲವನ್ನೂ ಅತ್ತೆ ಒಂದೇ ಗಂಭೀರ ದನಿಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಿದ್ದಳು. ಕೆಚ್ಚಲುಬಾವಿನ ಅಧ್ಯಾಯ ಓದುವಾಗ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಪುಸ್ತಕ ಮುಗಿದ ಮೇಲೆ ತೀರ್ಮಾನವಾಗಬೇಕಿತ್ತು. ತಾತನಿಗೆ ಪುಸ್ತಕ ತೂಗಲು ಒಂದೇ ತಕ್ಕಡಿ: ಈ ಪುಸ್ತಕದ ಮನೆಗೆ ಹೆಣ್ಣು ಕೊಡಬಹುದೋ, ಕೊಡಬಾರದೋ. ನ್ಯಾಯಾಧೀಶರ ಆತ್ಮಕಥೆ ಮುಗಿದ ದಿನ ಅವನು ಸೊಪ್ಪಿನ ಕಡ್ಡಿ ಪಕ್ಕಕ್ಕಿಟ್ಟು, "ಇಷ್ಟ್ ದಪ್ಪ ಪುಸ್ತಕದಲ್ಲಿ ಎಂಡ್ತಿ ಎಸ್ರು ಒಂದ್ಸಾರಿ ಬರ್ನಿಲ್ಲ ಕಣವ್ವ. ಆ ಮನೆಗೆ ಎಣ್ಣು ಕೊಡಕ್ಕಾಗಲ್ಲ" ಅಂದ. ದನಗಳ ಪುಸ್ತಕದವನಿಗೆ ಕಣ್ಣುಮುಚ್ಚಿ ಕೊಡಬಹುದಿತ್ತು, ಹಸು ಮುಟ್ಟುವ ಮುಂಚೆ ಕೈ ತೊಳೆಯಿರಿ ಅಂತ ಅಧ್ಯಾಯಕ್ಕೊಂದು ಸಲ ಹೇಳುವ ಮನುಷ್ಯ. ಪತ್ತೇದಾರಿಗೆ ಅಜ್ಜಿಯದೇ ಅಡ್ಡಿ: "ಕಂಡೋರ್ನೆಲ್ಲ ಅನುಮಾನದಲ್ಲೇ ನೋಡ್ತಾನೆ, ಅವನ ತಾವ ನಮ್ ಮಗು ಬಾಳೋದೆಂಗೆ?" ನಕ್ಷತ್ರಗಳ ಪುಸ್ತಕದ ಬಗ್ಗೆ ತಾತ ಬಹಳ ಹೊತ್ತು ಯೋಚಿಸಿ, ಮನೆತನ ಒಳ್ಳೆಯದೇ, ಆದರೆ ದೂರವಾಯಿತು ಅಂದ. ಭಾಗ್ಯತ್ತೆ ಸುಮ್ಮನಿರುವವಳಲ್ಲ. ತಾತ ಕೊಡಬಹುದು ಅಂದದ್ದಕ್ಕೆಲ್ಲ ಅವಳು ಯಾಕೆ ಕೊಡಬೇಕು ಅನ್ನುವಳು, ಪುಟ ತಿರುಗಿಸಿ ಸಾಕ್ಷಿ ಓದಿ ತೋರಿಸುವಳು. ಇದೆಲ್ಲ ಪಿಸುದನಿಯಲ್ಲಿ ನಡೆಯಬೇಕಿತ್ತು, ಹುಳ ಕೇಳಿಸಿಕೊಳ್ಳಬಾರದಲ್ಲ. ಕಣ್ಣು ಕೆಂಪು ಮಾಡಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು, ಉಸಿರಿನಲ್ಲೇ ಜಗಳವಾಡುವ ಮನೆಮಂದಿಯನ್ನು ನೀವು ನೋಡಿರಲಾರಿರಿ. ಹುಳ ಹಣ್ಣಾಗಿ, ಅಂದರೆ ಸೊಪ್ಪು ಸಾಕುಮಾಡಿ ನೂಲು ಬಿಡಲು ಸಿದ್ಧವಾಗಿ, ಚಂದ್ರಂಕಿ ಅನ್ನುವ ಬಿದಿರ ಸುರುಳಿತಟ್ಟೆಗಳಿಗೆ ಹತ್ತಿಸಿ, ಅದು ಗೂಡು ಕಟ್ಟಿ ಮುಗಿಸಿದ ದಿನ ಎಲ್ಲರೂ ಅಂಗಳಕ್ಕೆ ಬಂದು ತಿಂಗಳಿಡೀ ತಡೆದಿಟ್ಟ ಮಾತನ್ನೆಲ್ಲ ಗಟ್ಟಿಯಾಗಿ ಆಡಿ ಮುಗಿಸುತ್ತಿದ್ದರು. ಆ ಗಲಾಟೆ ಕೇಳಿ, ನಾವು ಆಸ್ತಿ ಭಾಗ ಮಾಡಿಕೊಳ್ಳುತ್ತಿದ್ದೇವೆ ಅಂತ ಪಕ್ಕದ ಮನೆಯವರು ಓಡಿಬಂದದ್ದೂ ಉಂಟು.

ಇಂಥ ಮನೆಯಲ್ಲಿ ಭಾಗ್ಯತ್ತೆಗೆ ಗಂಡು ನೋಡಲು ಶುರುಮಾಡಿದರು. ಮೊದಲು ಬಂದದ್ದು ಹೊಸಹೊಳಲಿನವರು. ಬಂದ ದಿನವೇ ಹುಳ ಹಣ್ಣಾಗಿತ್ತು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ, ಹೆಣ್ಣು ನೋಡಲು ಬಂದವರಿಗೂ ಕಾಯುವುದಿಲ್ಲ. ಅತ್ತೆ ಸೀರೆ ಎತ್ತಿಕಟ್ಟಿ ಒಳಗೆ ಹುಳ ಆರಿಸುತ್ತಿದ್ದಳು, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಹಾಗಾಗಿ ಹುಡುಗನನ್ನು ಹೊಸ್ತಿಲಾಚೆ ಜಗಲಿಯಲ್ಲಿ ಕೂರಿಸಿದರು. ಬಾಗಿಲಲ್ಲಿ ನಿಂತ ತಾತ ಅದೂ ಇದೂ ಮಾತಾಡಿದ, ಕೊನೆಗೆ ತನ್ನ ಅಚ್ಚುಮೆಚ್ಚಿನ ಕಾದಂಬರಿಯ ಮಾತು ತೆಗೆದ. ಒಬ್ಬ ವಿಧವೆ ತಾಯಿ, ಮೂವರು ಗಂಡುಮಕ್ಕಳು, ಅವಳಿಗೆ ದೊಡ್ಡ ಕಾಯಿಲೆ, ಮಕ್ಕಳಿಗೆ ನೋವಾದೀತೆಂದು ಯಾರಿಗೂ ಹೇಳದೆ ಸಾಯುತ್ತಾಳೆ. ಅದನ್ನು ನಮ್ಮ ಮನೆಯಲ್ಲಿ ಎರಡು ಸಲ ಓದಿಸಿದ್ದರು. ಹುಡುಗ ಅದನ್ನು ಓದಿದ್ದ. "ನಂಗೆ ಇಡಿಸ್ನಿಲ್ಲ ಗೌಡ್ರೇ" ಅಂದ. "ಆವಮ್ಮ ಬಾಯ್ಬುಟ್ಟು ಒಂದ್ ಮಾತು ಏಳಿದ್ರೆ ಎಲ್ಲಾ ಸರೋಗೋದು. ಸುಮ್ನಿದ್ದು ಸುಮ್ನಿದ್ದು ಮಕ್ಕಳ್ನೂ ಗೋಳುಯ್ಕೊಂಡ್ಲು."

ಒಳಗಿಂದ ಭಾಗ್ಯತ್ತೆ ಗಟ್ಟಿಯಾಗಿ, "ಏಳೋಕೆ ಅವಳ್ಗೆ ಪುರುಸೊತ್ತೆಲ್ಲಿತ್ತು? ಕೇಳೋರಾದ್ರೂ ಯಾರಿದ್ರು ಆ ಮನೇಲಿ?" ಅಂದಳು. ಹುಳದ ಮನೆಯಲ್ಲಿ ಯಾರಾದರೂ ದನಿ ಎತ್ತಿದ್ದು ಅದೇ ಮೊದಲು. ಅವನು ಹೊರಗಿಂದ ಒಂದು ಅಂದ, ಇವಳು ಒಳಗಿಂದ ಇನ್ನೊಂದು ಅಂದಳು. ಮುಖ ನೋಡಿಕೊಳ್ಳದೆ, ಬಾಗಿಲ ಎರಡು ಕಡೆಯಿಂದ, ಇಲ್ಲದ ಒಬ್ಬ ತಾಯಿಗಾಗಿ ಅವರಿಬ್ಬರೂ ವಾದಕ್ಕೆ ಬಿದ್ದರು. ನಾನು ಅತ್ತೆಯ ಪಕ್ಕದಲ್ಲಿದ್ದೆ. ಅವಳ ಕೈ ಹುಳ ಆರಿಸುತ್ತಲೇ ಇತ್ತು, ಮುಖ ಮಾತ್ರ ಅರಳಿ ಹೋಗಿತ್ತು. ತಾತನ ಮುಖ ಅಷ್ಟೇ ಇಳಿದು ಹೋಗಿತ್ತು. ಕಾಫಿ ಕೊಟ್ಟು ಅವರನ್ನು ಕಳಿಸಿದ ಮೇಲೆ, ತಾಯಿಯ ಕಣ್ಣೀರಿಗೆ ಕರಗದವನಿಗೆ ಮಗಳನ್ನು ಹೇಗೆ ಕೊಡಲಿ ಅಂತ ಅಲ್ಲೇ ಮುಗಿಸಿಬಿಟ್ಟ. ಜಮೀನು ಕೇಳಲಿಲ್ಲ, ಗುಣ ವಿಚಾರಿಸಲಿಲ್ಲ, ಒಂದು ಪುಸ್ತಕ ಹಿಡಿಸಲಿಲ್ಲ ಅಂದದ್ದಕ್ಕೆ ಗಂಡನ್ನು ವಾಪಸು ಕಳಿಸಿದ ಮನೆ ಆ ಸುತ್ತಿನಲ್ಲಿ ನಮ್ಮದೊಂದೇ ಇರಬೇಕು. ಅತ್ತೆ ತಾತನ ಮುಂದೆ ಏನೂ ಅನ್ನಲಿಲ್ಲ. ಸೊಪ್ಪು ಬಿಡಿಸುವಾಗ ನನ್ನ ಅವ್ವನಿಗೆ, "ಅವ್ರೇ ಆಗಿದ್ರೆ ಆಗಿತ್ತು ಅತ್ಗೆ. ಮಾತಿಗೆ ಮಾತು ಇರ್ತಿತ್ತು. ನಂಗೆ ಒಡವೆ ಬೇಡ, ಕಟ್ಕೊಂಡೋನು 'ಇಲ್ಲ' ಅನ್ನೋದ ಕಲ್ತಿದ್ರೆ ಸಾಕು" ಅಂದಳು. ಅವ್ವ ನಕ್ಕಳು. ಅತ್ತೆ ನಗಲಿಲ್ಲ.

ಆಮೇಲಿನ ಬೆಳೆಯಲ್ಲಿ ರಹಮತ್ ಸಾಬರೇ ನಾಗಮಂಗಲದ ಸಂಬಂಧ ತಂದರು. ಅವರಿಗೆ ಗೂಡು ಹಾಕುತ್ತಿದ್ದ ಮನೆ, ಹಸು ಕರು ಇರುವ ಮನೆ, ಹುಡುಗ ಸಾಧು. ಅವನನ್ನೂ ಅದೇ ಜಗಲಿಯಲ್ಲಿ ಕೂರಿಸಿದರು. ತಾತ ಅದೇ ಪುಸ್ತಕದ ಮಾತು ತೆಗೆದ. "ಚೆನ್ನಾಗದೆ" ಅಂದ ಹುಡುಗ. ಯಾವುದು ಚೆನ್ನಾಗಿದೆ ಅಂತ ತಾತ ಕೇಳಿದ. ಹುಡುಗ ಟವೆಲಿನಿಂದ ಹಣೆ ಒರೆಸಿಕೊಂಡು, "ಎಲ್ಲಾನೂ" ಅಂದ. ತಾತನಿಗೆ ಅಷ್ಟು ಸಾಕಾಯಿತು. ಅತ್ತೆ ಬಾಗಿಲ ಹತ್ತಿರ ಬಂದು, ಆ ತಾಯಿ ಮಾಡಿದ್ದು ತಪ್ಪು ಅಂತ ತನಗನ್ನಿಸುತ್ತದೆ ಅಂತ ಬೇಕೆಂದೇ ಹೇಳಿದಳು. ಹುಡುಗ ತಲೆ ತಗ್ಗಿಸಿ, "ಅದೂ ಸರೀನೇ" ಅಂದ. ಮುಂದಿನ ಗೂಡು ಮಾರುವುದರೊಳಗೆ ಮದುವೆಯಾಯಿತು.

ರಜಕ್ಕೆ ನಾನು ನಾಗಮಂಗಲಕ್ಕೆ ಅತ್ತೆಯ ಮನೆಗೆ ಹೋಗುತ್ತಿದ್ದೆ. ಮಾವನ ಬಗ್ಗೆ ಒಂದು ಕೆಟ್ಟ ಮಾತು ಹೇಳಲು ನನಗೆ ಆಗುವುದಿಲ್ಲ, ಅದೇ ನನ್ನ ಸಂಕಟ. ಹಾಲು ಹಾಕಿ ಬರುವಾಗ ಸೈಕಲ್ಲಿನ ಹಿಂದೆ ಅತ್ತೆಗೆ ಲೈಬ್ರರಿಯಿಂದ ಪುಸ್ತಕ ಕಟ್ಟಿಕೊಂಡು ಬರುತ್ತಿದ್ದರು. ಸಂಜೆ ಅವಳು ಓದಿದರೆ ಹಸುವಿಗೆ ಹುಲ್ಲು ಹಾಕುವುದನ್ನೂ ನಿಲ್ಲಿಸಿ ಕೂತು ಕೇಳುತ್ತಿದ್ದರು. ಮುಗಿದ ಮೇಲೆ ಅವಳು ಪುಸ್ತಕ ಮಡಿಚಿ, ಹೇಗಿದೆ ಅನ್ನುವಳು. ಚೆನ್ನಾಗಿದೆ ಅನ್ನುವರು. ಒಂದು ಸಂಜೆ ಅವಳು ಮೊಲ ಸಾಕುವ ಪುಸ್ತಕ ಓದಿ, ಇಂಥ ಪುಸ್ತಕ ಹುಟ್ಟಿ ಬರಲು ಪುಣ್ಯ ಮಾಡಿರಬೇಕು ಅಂದಳು. ಮಾವ ಹೂಂ ಅಂದರು. ಲೋಟ ತೊಳೆದು ಬಂದು, ಯೋಚಿಸಿದರೆ ಅದು ಸುಡಬೇಕಾದ ಪುಸ್ತಕ ಅಂದಳು. ಮಾವ ಅದಕ್ಕೂ ಹೂಂ ಅಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ಎದ್ದು ಕೊಟ್ಟಿಗೆಗೆ ಹೋದಳು, ನಾನು ಹಿಂದೆಯೇ ಹೋದೆ. ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. "ಒಳ್ಳೆ ಮನ್ಸ ಕಣೆ ಪುಟ್ಟಿ. ಒಂದಿನ ಬೈದಿಲ್ಲ, ಒಂದಿನ ಇಲ್ಲ ಅಂದಿಲ್ಲ. ಗ್ವಾಡೆ ಜೊತೆ ಮಾತಾಡ್ದಂಗೆ ಆಯ್ತದೆ" ಅಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆ ಒಂದು ಸಲವೇ. ಅವಳಿಗೇನು ಕಡಿಮೆಯಾಗಿದೆ ಅಂತ ಊರಿನವರು ಯಾರನ್ನು ಕೇಳಿದ್ದರೂ ಏನೂ ಇಲ್ಲ ಅನ್ನುತ್ತಿದ್ದರು. ಹೇಳಿಕೊಳ್ಳಲು ಒಂದು ಹೆಸರೂ ಇಲ್ಲದ ಕಷ್ಟ ಅದು.

ವರ್ಷಗಳು ಹೋದ ಹಾಗೆ ಅವಳು ಗಟ್ಟಿಯಾಗಿ ಓದುವುದನ್ನು ಬಿಟ್ಟಳು. ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದಳು. ತಾತ, ಅಜ್ಜಿ ಹೋದರು, ರಹಮತ್ ಸಾಬರೂ ಹೋದರು, ಅವರ ಮಕ್ಕಳು ಪಾಂಡವಪುರದಲ್ಲಿ ಟೈರಿನ ಅಂಗಡಿ ಇಟ್ಟರು. ಅಕ್ಕಿಹೆಬ್ಬಾಳಿನ ಹುಳದ ಮನೆಯನ್ನು ನನ್ನ ತಮ್ಮ ಜೆಸಿಬಿ ತರಿಸಿ ಕೆಡವಿ ಅಲ್ಲಿ ಹಾಲು ಕರೆಯುವ ಯಂತ್ರ ಕೂರಿಸಿದ್ದಾನೆ. ತಪ್ಪೇನಿಲ್ಲ, ಅವನ ಹೊಟ್ಟೆಪಾಡು. ಮೊನ್ನೆ ಹೋದಾಗ ಆ ಯಂತ್ರದ ಗುಂಯ್ ಅನ್ನುವ ಸದ್ದಿನಲ್ಲಿ ಯಾರು ಏನು ಹೇಳಿದರೂ ಕೇಳಿಸುತ್ತಿರಲಿಲ್ಲ, ಯಾರೂ ಏನೂ ಹೇಳುತ್ತಲೂ ಇರಲಿಲ್ಲ. ಎರಡು ನಿಮಿಷ ನಿಲ್ಲಲಾಗದೆ ಬಸ್ಸು ಹತ್ತಿಬಿಟ್ಟೆ. ಬಸ್ಸಿನಲ್ಲೂ ಕೂರಲು ಆಗಲಿಲ್ಲ, ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದೆ.

ಮೊಬೈಲು ಬಂದ ಮೇಲೆ ಅತ್ತೆ ನನ್ನನ್ನು ಹಿಡಿದುಕೊಂಡಳು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ, ಫೋನೆತ್ತಿದ ಕೂಡಲೇ, "ಆ ಪುಸ್ತಕ ಮುಗಿಸ್ದೆ. ನೀನ್ ಏಳಿದಷ್ಟೇನಿಲ್ಲ ಬುಡು" ಅನ್ನುವಳು. ನಾನು ಕುಕ್ಕರ್ ಇಳಿಸುತ್ತ, ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತ ಜಗಳವಾಡುವೆ. ಕಾದಂಬರಿಯಾಗಲಿ, ಸಮುದ್ರಯಾನದ ಕಥೆಯಾಗಲಿ, ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕೆಂಬ ಪುಸ್ತಕವಾಗಲಿ, ನಾನು ಒಳ್ಳೆಯದು ಅಂದರೆ ಅವಳಿಗೆ ಅದರ ಸೊಂಟ ಮುರಿಯಲೇಬೇಕು. ಒಮ್ಮೊಮ್ಮೆ ನನಗೆ ರೇಗುತ್ತಿತ್ತು, ಒಮ್ಮೊಮ್ಮೆ ಸೋತು ಫೋನಿಡುತ್ತಿದ್ದೆ, ಮತ್ತೆ ಪಾಯಿಂಟು ಹೊಳೆದು ನಾನೇ ಮಾಡುತ್ತಿದ್ದೆ. ಹೋದ ವರ್ಷ ಅವಳು ಹೋದಳು. ಒಂದು ವಾರದ ಜ್ವರ, ಆಸ್ಪತ್ರೆ, ಅಷ್ಟೇ. ಅಂದಿನಿಂದ ನಾನು ಓದಿ ಮುಗಿಸಿದ ಪುಸ್ತಕಗಳೆಲ್ಲ ಮನೆಯಲ್ಲಿ ಸುಮ್ಮನೆ ಬಿದ್ದಿವೆ. ಓದುಗರದೊಂದು ಗುಂಪಿಗೆ ಮೊಬೈಲಿನಲ್ಲಿ ಸೇರಿಕೊಂಡು ಅಭಿಪ್ರಾಯ ಬರೆದು ನೋಡಿದೆ. ಹೊಗಳಿದರೂ ಹೆಬ್ಬೆರಳು ತೋರಿಸುತ್ತಾರೆ, ತೆಗಳಿದರೂ ಅದೇ ಹೆಬ್ಬೆರಳು. ಒಬ್ಬರಾದರೂ ಬಂದು ನಿನಗೇನು ತಿಳಿದಿದೆ ಅಂತ ಕೇಳಬಾರದೇ ಅನ್ನಿಸುತ್ತದೆ. ಅತ್ತೆ ನಾಗಮಂಗಲದಲ್ಲಿ ಅಷ್ಟು ವರ್ಷ ಹೇಗೆ ಇದ್ದಳೋ ಅಂತ ಆಗೆಲ್ಲ ನೆನೆಯುತ್ತೇನೆ. ಮಾವನ ಮೇಲೆ ಸಿಟ್ಟು ಬರುತ್ತಿತ್ತು. ಸಾಧುವಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಲ್ಲ, ಅದಕ್ಕೇ ಅವರಿಗೆ ಫೋನು ಮಾಡುವುದನ್ನೇ ಕಡಿಮೆ ಮಾಡಿದ್ದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಮಾವ ಹೇಳದೆ ಕೇಳದೆ ಬಂದರು. ನಾಗಮಂಗಲದಿಂದ ಎರಡು ಬಸ್ಸು ಬದಲಿಸಿ, ಬಟ್ಟೆಯ ಚೀಲ ಎದೆಗವಚಿಕೊಂಡು. ತಿಂಡಿ ತಿಂದು, ಕೈ ಒರೆಸಿಕೊಂಡು, ಚೀಲದಿಂದ ಒಂದು ದಪ್ಪ ಕಾದಂಬರಿ ತೆಗೆದರು. ಅತ್ತೆ ಬಹಳ ಮೆಚ್ಚಿ, ಓದು ಓದು ಅಂತ ನನ್ನ ಪ್ರಾಣ ಹಿಂಡಿದ್ದ ಪುಸ್ತಕ. ಪೂರ್ತಿ ಓದಿದೆ ಅಂದರು. ಚೆನ್ನಾಗಿದೆ ಅನ್ನುತ್ತಾರೆ ಅಂತ ನಾನು ಆಗಲೇ ತಲೆ ಆಡಿಸಲು ಶುರುಮಾಡಿದ್ದೆ.

"ನಂಗೆ ಇಡಿಸ್ನಿಲ್ಲ ಕಣವ್ವ" ಅಂದರು.

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವರು ನನ್ನ ಮುಖ ನೋಡದೆ ಹೇಳುತ್ತಾ ಹೋದರು. "ಅರ್ಧದ ಮೇಲೆ ಬರೀ ಎಳೆದವ್ನೆ. ಆ ತಮ್ಮನ ಪಾತ್ರ ಸುಳ್ಳು. ಅವ್ಳು ಓದಿ ಏಳ್ದಾಗ್ಲೇ ಅಂಗನ್ನಿಸಿತ್ತು. ಈಗ ನಾನೇ ಓದ್ದೆ, ಅಂಗೇ ಅನ್ನಿಸ್ತು."

"ಮತ್ತೆ ಅತ್ತೆಗೆ ಯಾಕೆ ಹೇಳಲಿಲ್ಲ ಮಾವ?"

ಮಾವ ಪುಸ್ತಕದ ಮೇಲೆ ಕೈಯಾಡಿಸಿದರು. "ಎಣ್ಣು ನೋಡಕ್ಕೆ ಬಂದೆನಲ್ಲ, ಅವತ್ತು ಟೆಂಪೋದಲ್ಲಿ ಸಾಬ್ರು ಏಳಿದ್ರು. 'ಅರೆ ಭಾಯ್, ಹೊಸಹೊಳಲೋನು ಪುಸ್ತಕ ಪಸಂದಿಲ್ಲ ಅಂದಿದ್ಕೇ ವಾಪಸ್ ಕಳಿಸವ್ರೆ, ಉಷಾರು' ಅಂದ್ರು. ನಾನು ಅವಳನ್ನ ಅದಕ್ ಮುಂಚೆ ಅಕ್ಕಿಹೆಬ್ಬಾಳು ಸ್ಟೇಷನ್ನಲ್ಲಿ ಒಂದ್ಸಾರಿ ನೋಡಿದ್ದೆ. ಬೆಂಚ್ ಮೇಲೆ ಓದ್ತಾ ಕುಂತಿದ್ಲು, ರೈಲು ಬಂದು ಒಂಟೋದ್ರೂ ಗೊತ್ತಾಗ್ನಿಲ್ಲ ಅವಳ್ಗೆ. ಕೈತಪ್ಪೋಗ್ಬಾರ್ದು ಅಂತ ಚೆನ್ನಾಗದೆ ಅಂದ್ಬುಟ್ಟೆ. ನಿಮ್ ತಾತ ಕೇಳಿದ್ ಆ ಪುಸ್ತಕ ನಾನು ಕಣ್ಣಲ್ಲೂ ಕಂಡಿರ್ನಿಲ್ಲ."

"ಮದುವೆ ಆದಮೇಲಾದರೂ ಹೇಳಬಹುದಿತ್ತಲ್ಲ?" ನನ್ನ ದನಿ ಏರಿತ್ತು. ಅವರನ್ನು ಹಾಗೆ ಮಾತಾಡಿಸಿದ್ದು ಅದೇ ಮೊದಲು.

"ಒಂದ್ಸಾರಿ ಇಲ್ಲ ಅಂದ್ರೆ, ಅಲ್ಲೀ ಗಂಟ ಏಳಿದ್ದೆಲ್ಲಾ ಸುಳ್ಳು ಅಂತ ಗೊತ್ತಾಗ್ಬುಡ್ತಿತ್ತಲ್ಲವ್ವ. ದಿನಾ ನಾಳೆ ಏಳಾನ, ನಾಳೆ ಏಳಾನ ಅನ್ಕಂಡೆ. ಅವ್ಳು ಓದೋದ ನಿಲ್ಲಿಸ್ದಾಗ, ನಾನು ಕೇಳದು ಸರೀಗಿಲ್ಲ ಅಂತ ನಿಲ್ಲಿಸಿದ್ಲು ಅಂದ್ಕಂಡಿದ್ದೆ. ಇನ್ನೂ ಜಾಸ್ತಿ ಹೂಂ ಅಂದೆ."

ನನಗೆ ಅಳು ಬಂತು, ಅತ್ತೆಗಾಗಿಯೋ ಈ ಮನುಷ್ಯನಿಗಾಗಿಯೋ ತಿಳಿಯಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಪುಸ್ತಕದ ಎರಡು ಕಡೆ ಕೂತು, ಒಬ್ಬಳು 'ಇಲ್ಲ' ಅನ್ನುವವನಿಗಾಗಿ ಕಾದಳು, ಇನ್ನೊಬ್ಬ ತಾನು 'ಇಲ್ಲ' ಅಂದರೆ ಅವಳು ಎದ್ದುಹೋಗುತ್ತಾಳೆ ಅಂತ ಹೆದರಿ ಬದುಕಿದ. ಇದನ್ನು ಅವರಿಗೆ ಹೇಳಿಬಿಡೋಣ ಅಂತ ಮಾತು ಬಾಯಿ ತನಕ ಬಂತು. ಹೇಳಲಿಲ್ಲ. ಹೇಳಿ ಈ ವಯಸ್ಸಿನಲ್ಲಿ ಅವರು ಅದನ್ನು ಹೊತ್ತುಕೊಂಡು ಎರಡು ಬಸ್ಸು ಹತ್ತಿ ಹೇಗೆ ಹೋಗುತ್ತಾರೆ?

ಮಾವ ಪುಸ್ತಕ ನನ್ನ ಕಡೆ ಸರಿಸಿ, "ನೀನೂ ಓದಿದ್ದೀಯಂತಲ್ಲ, ನಿಂಗೇನನ್ನಿಸ್ತು?" ಅಂತ ಕೇಳಿದರು. ಕಣ್ಣಲ್ಲಿ ಹೆದರಿಕೆ ಇತ್ತು.

ನಿಜ ಹೇಳುತ್ತೇನೆ, ಆ ಪುಸ್ತಕ ನನಗೂ ಹಿಡಿಸಿರಲಿಲ್ಲ. ಎಳೆದಿದ್ದಾನೆ ಅನ್ನುವುದೂ ಸರಿ, ತಮ್ಮನ ಪಾತ್ರ ಸುಳ್ಳು ಅನ್ನುವುದೂ ಸರಿ. ಕಣ್ಣೊರೆಸಿಕೊಂಡು, "ನೀವು ಹೇಳುವುದು ಶುದ್ಧ ತಪ್ಪು ಮಾವ, ಆ ತಮ್ಮ ಇಲ್ಲದಿದ್ದರೆ ಆ ಕಥೆಯೇ ಇಲ್ಲ" ಅಂದೆ.

ಮಾವ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.